ಭಾವನ ಮೆಚ್ಚುಗೆ

ಫೆಬ್ರವರಿ 3

ಅಕ್ಕನಿಗೆ,

ನಾನು ಕಾಗದ ಬರೆದಿದ್ದೇನೆಂದರೆ ಏನೋ ಆಗಿದೆ ಎಂದು ಲಕೋಟೆ ಒಡೆಯುವ ಮೊದಲೇ ನಿನಗೆ ಗೊತ್ತಾಗಿರುತ್ತದೆ. ಆದ್ದರಿಂದ ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಕ್ಯಾನ್ಸರ್ ಆಗಿದೆ. ಅನ್ನನಾಳದಲ್ಲಿ, ಅಂದರೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕೊಳವೆಯಲ್ಲಿ. ಧ್ವನಿಯ ನರವನ್ನೂ ಅದು ಒತ್ತುತ್ತಿದೆಯಂತೆ. ಡಿಸೆಂಬರಿನಿಂದ ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು, ನಾನು ಶೀತ ಎಂದುಕೊಂಡು ಕಷಾಯ ಕುಡಿಯುತ್ತ ಕೂತಿದ್ದೆ.

ಗಿರಣಿಯ ಮಗ್ಗದ ಸದ್ದು ನಿನ್ನ ಕಿವಿ ತಿಂದಿತು, ಇದು ನನ್ನ ಧ್ವನಿ ತಿಂದಿತು. ಇನ್ನು ನಮ್ಮಿಬ್ಬರಿಗೂ ಫೋನು ಷೋಕೇಸಿನಲ್ಲಿಡುವ ವಸ್ತು. ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿನಗೆ ಅದರ ಅಕ್ಷರ ಕಾಣುವುದಿಲ್ಲ, ನನಗೆ ನಿನ್ನ ಜೊತೆ ಜಗಳವಾಡಲು ಅಷ್ಟು ಸಣ್ಣ ಜಾಗ ಸಾಲುವುದಿಲ್ಲ.

ಇಷ್ಟು ದಿನ ಹೇಗೆ ಗೊತ್ತಾಗಲಿಲ್ಲ ಎಂದು ನೀನು ಕೇಳುತ್ತೀಯ. ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ಅಕ್ಕ, ಟೀ ರುಚಿ ನೋಡುವ ನನ್ನ ಕೆಲಸದಲ್ಲಿ ನುಂಗುವುದೇ ಇಲ್ಲವಲ್ಲ. ಉದ್ದದ ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲು, ಒಂದೊಂದರಿಂದ ಒಂದು ಚಮಚ ಟೀ ಸುರ್ ಎಂದು ಎಳೆದು, ನಾಲಿಗೆಯ ಮೇಲೆ ಆಡಿಸಿ, ಪಕ್ಕದ ಡಬ್ಬಕ್ಕೆ ಉಗುಳುವುದು. ಬೆಳಗಿನಿಂದ ಸಂಜೆಯವರೆಗೆ ಇದೇ. ಮನೆಗೆ ಬಂದರೆ ಆಯಾಸ, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದು ಮಲಗುತ್ತಿದ್ದೆ. ಗಟ್ಟಿ ಪದಾರ್ಥ ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ. ಬಾಯಲ್ಲಿ ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು ಅನ್ನುತ್ತಾರೆ. ನನಗೆ ಉಗುಳುವುದಾದರೂ ಚೆನ್ನಾಗಿ ಬರುತ್ತದೆ, ಅದರಲ್ಲೇ ಸಂಸಾರ ನಡೆಸಿದ್ದೇನೆ.

ಡಾಕ್ಟರು ಒಳ್ಳೆಯವನು. ನನಗಿಂತ ಚಿಕ್ಕವನು, ಕಣ್ಣು ನೋಡಿ ಮಾತಾಡುತ್ತಾನೆ. "ಆಪರೇಷನ್ ಮಾಡಲ್ಲ. ಕೀಮೋ ಕೊಡ್ತೀವಿ. ದಾರಿ ಸ್ವಲ್ಪ ಬಿಡುತ್ತೆ, ನುಂಗೋಕೆ ಆಗುತ್ತೆ," ಎಂದ. ಸೋಮವಾರದಿಂದ ಶುರು.

ನೀನು ಬರುತ್ತೇನೆಂದು ಹೊರಡಬೇಡ. ಭಾವನ ಮಗ್ಗುಲು ಬದಲಿಸಲು ನೀನೊಬ್ಬಳೇ ಇರುವುದು. ಬೇರೆ ಪಾರ್ಸಲಿನಲ್ಲಿ ಅವರಿಗೆ ಈ ಸಲದ ಟೀ ಕಳಿಸಿದ್ದೇನೆ. ಏನು ತಪ್ಪು ಹುಡುಕಿದರೆಂದು ಬರೆ.

ನಿನ್ನ ತಮ್ಮ


ಫೆಬ್ರವರಿ 14

ಪ್ರೀತಿಯ ತಮ್ಮನಿಗೆ,

ನಾವಿಲ್ಲಿ ಕ್ಷೇಮ ಎಂದು ಶುರು ಮಾಡುವುದು ರೂಢಿ. ನಿನ್ನ ಕಾಗದ ಓದಿದ ಮೇಲೆ ಆ ಸಾಲು ಬರೆಯಲು ಕೈ ಬರಲಿಲ್ಲ. ಓದಿ, ಮಡಚಿ, ಅಕ್ಕಿ ಡಬ್ಬದ ಕೆಳಗಿಟ್ಟೆ. ಆಮೇಲೆ ತೆಗೆದು ಮತ್ತೆ ಓದಿದೆ. ಎರಡನೇ ಸಲ ಓದಿದಾಗ ಜೀವ ಬಂತು. ಕೊಯ್ಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರಲ್ಲ. ನಮ್ಮ ಗಿರಣಿಯ ಮೇಸ್ತ್ರಿಗೆ ಹೊಟ್ಟೆಯಲ್ಲಿ ಆದಾಗ ಕೊಯ್ದು ಮೊಳದುದ್ದ ತೆಗೆದರು. ನಿನಗೆ ಔಷಧದಲ್ಲೇ ಹೋಗುತ್ತದೆ ಅಂದರೆ ಅಷ್ಟು ದೊಡ್ಡದಲ್ಲ. ದೇವರು ದೊಡ್ಡವನು.

ಈಗ ಅಕ್ಕ ಹೇಳುವುದನ್ನು ಕೇಳು. ಚಿಕ್ಕವನಿದ್ದಾಗ ಟಾನಿಕ್ಕಿನ ಬಾಟಲಿಯನ್ನು ಅರ್ಧಕ್ಕೆ ಬಿಟ್ಟು ಕಿಟಕಿಯಿಂದ ಸುರಿಯುತ್ತಿದ್ದವನು ನೀನು. ಈಗ ಹಾಗೆ ಮಾಡಿದರೆ ಚರ್ಮ ಸುಲಿಯುತ್ತೇನೆ. ಎಷ್ಟು ಸಲ ಹಾಕಬೇಕೋ ಅಷ್ಟೂ ಹಾಕಿಸಿಕೋ. ಪೂರ್ತಿ ಮುಗಿಸು.

ನಿನ್ನ ಭಾವನಿಗೆ ಕಾಗದ ಓದಿ ಹೇಳಿದೆ. ಲಕ್ವ ಹೊಡೆದ ಮೇಲೆ ಅವರ ಬಾಯಿ ಅರ್ಧ ಮಾತ್ರ ಆಡುತ್ತದೆ, ನಿನಗೆ ಗೊತ್ತಲ್ಲ. ಗಿರಣಿಯಲ್ಲಿ ಸದ್ದಿನ ನಡುವೆ ತುಟಿ ನೋಡಿ ಮಾತು ತಿಳಿಯುವುದು ನಮಗೆಲ್ಲ ಅಭ್ಯಾಸ, ಆದರೆ ಅರ್ಧ ತುಟಿ ಓದುವುದನ್ನು ಹೊಸದಾಗಿ ಕಲಿಯಬೇಕಾಯಿತು. ಆ ಅರ್ಧ ಬಾಯಿಯಲ್ಲೇ ನಿನ್ನ ಟೀ ಕುಡಿದು ಹೇಳಿದರು: "ಬಣ್ಣ ಇದೆ, ಸತ್ವ ಇಲ್ಲ. ಇವನಿಗೆ ಸಂಬಳ ಕೊಡೋ ಪುಣ್ಯಾತ್ಮ ಯಾರು?" ಆಮೇಲೆ ಗೋಡೆ ಕಡೆ ತಿರುಗಿಸು ಎಂದರು. ತಿರುಗಿಸಿದೆ. ಬೆನ್ನು ಅಲುಗುತ್ತಿತ್ತು. ನಿನ್ನ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದು ನಿನ್ನೆದುರು ಒಪ್ಪಿಕೊಳ್ಳುವ ಜನ ಅಲ್ಲ.

ನಿನ್ನ ಅಕ್ಕ


ಮಾರ್ಚ್ 9

ಅಕ್ಕನಿಗೆ,

ನೀನು ಬರೆದ ಹಾಗೇ ಆಗಲಿ. ಪೂರ್ತಿ ಮುಗಿಸುತ್ತೇನೆ.

ಎರಡು ಸಲ ಆಯಿತು. ಉದ್ದನೆಯ ಕೋಣೆ, ಎರಡು ಸಾಲು ಒರಗು ಕುರ್ಚಿ, ಒಂದೊಂದಕ್ಕೂ ಒಂದೊಂದು ಕಂಬ, ಕಂಬದ ಮೇಲೆ ಔಷಧದ ಚೀಲ. ಅಲ್ಲಿ ಹಾಕುವುದನ್ನು ಹಾಕಿ, ಉಳಿದದ್ದನ್ನು ಸಣ್ಣ ಪಂಪಿನಲ್ಲಿ ತುಂಬಿ ಸೊಂಟಕ್ಕೆ ಕಟ್ಟಿ ಕಳಿಸುತ್ತಾರೆ. ಎರಡು ದಿನ ಅದು ನನ್ನ ಜೊತೆಗೇ ಮಲಗಿ ಏಳುತ್ತದೆ. ಬಸ್ಸಿನಲ್ಲಿ ಕಂಡಕ್ಟರನ ಚೀಲವೆಂದುಕೊಂಡು ಒಬ್ಬರು ನನ್ನ ಹತ್ತಿರ ಟಿಕೆಟ್ ಕೇಳಿದರು. ಭಾವನಿಗೆ ಹೇಳು, ಅವರ ಹಳೆಯ ಕೆಲಸ ಈಗ ನನಗೆ ಬಂದಿದೆ ಎಂದು.

ತಣ್ಣನೆಯದನ್ನು ಮುಟ್ಟುವಂತಿಲ್ಲ. ನಲ್ಲಿ ನೀರು ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಫ್ರಿಜ್ಜಿನ ಬಾಗಿಲು ತೆರೆಯುವುದಕ್ಕೂ ಇವಳನ್ನು ಕರೆಯಬೇಕು, ಕರೆಯಲು ಧ್ವನಿ ಇಲ್ಲ, ಚಮಚದಿಂದ ಮೇಜು ಬಡಿಯುತ್ತೇನೆ. ಯಾವ ಜನ್ಮದಲ್ಲೋ ಸಾಹುಕಾರರಾಗಿದ್ದಿರೇನೋ ಎನ್ನುತ್ತಾಳೆ.

ಒಳ್ಳೆಯ ಸುದ್ದಿಯೂ ಇದೆ. ನಿನ್ನೆ ಬೇಯಿಸಿದ ಮೊಟ್ಟೆ ತಿಂದೆ. ಕಿವುಚಿದ್ದಲ್ಲ, ಇಡೀ ಮೊಟ್ಟೆ, ಕಚ್ಚಿ ಕಚ್ಚಿ. ಅದು ಎಲ್ಲೂ ಸಿಕ್ಕಿಕೊಳ್ಳದೆ ಇಳಿಯಿತು. ಇವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಕೆಲಸಕ್ಕೂ ಹೋಗುತ್ತಿದ್ದೇನೆ, ಸಂಭಾವಿತನ ಹಾಗೆ.

ನಿನ್ನ ತಮ್ಮ


ಮಾರ್ಚ್ 20

ತಮ್ಮನಿಗೆ,

ಮೊಟ್ಟೆಯ ವಿಷಯ ಓದಿ ಪಕ್ಕದ ಮನೆಯವಳಿಗೆ ಹೇಳಿಬಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ನಾನು ಹೇಳಿದ್ದೆನಲ್ಲ, ಔಷಧಕ್ಕೆ ಹೆದರಬಾರದು ಎಂದು. ಅರ್ಧ ದಾರಿ ಬಂದಿದ್ದೀಯ, ಇನ್ನರ್ಧ ಹಲ್ಲು ಕಚ್ಚಿ ಮುಗಿಸು. ಮುಗಿದ ಮೇಲೆ ಇಲ್ಲಿಗೆ ಬಂದು ನನ್ನ ಕೈಯಡುಗೆ ತಿಂದು ಮೈ ಮಾಡಿಕೊಂಡು ಹೋಗು.

ನಿನ್ನ ಅಕ್ಷರ ಯಾಕೆ ಕೋಳಿ ಕೆರೆದ ಹಾಗಿದೆ? ಅವಸರದಲ್ಲಿ ಬರೆಯಬೇಡ. ನನಗೆ ಉದ್ದದ ಕಾಗದ ಬೇಕು, ನಿಧಾನವಾಗಿ ಬರೆ.

ನಿನ್ನ ಭಾವನಿಗೆ ಸ್ವಲ್ಪ ಕೆಮ್ಮು. ಕಂಡಕ್ಟರ್ ಕೆಲಸ ಅಷ್ಟು ಸುಲಭವಾಗಿ ಬರುವುದಿಲ್ಲ, ಚಿಲ್ಲರೆ ವಾಪಸು ಕೊಡದೆ ಬೈಸಿಕೊಳ್ಳುವ ಯೋಗ್ಯತೆ ಬೇಕು ಎಂದು ಹೇಳಿ ಕಳಿಸಿದ್ದಾರೆ. ಡಬ್ಬದ ತಳದಲ್ಲಿ ಉಳಿದಿದ್ದ ಟೀಯನ್ನೇ ಇನ್ನೊಮ್ಮೆ ಮಾಡಿಸಿಕೊಂಡು ಕುಡಿದರು. ಹಳೇ ಪೊರಕೆ ಅದ್ದಿದ ನೀರು ಎಂದರು. ಲೋಟ ಮಾತ್ರ ಖಾಲಿ.

ಅಕ್ಕ


ಏಪ್ರಿಲ್ 16

ಅಕ್ಕನಿಗೆ,

ಹಿಂದಿನ ಎರಡು ಕಾಗದಗಳಿಗೆ ನಿನ್ನಿಂದ ಉತ್ತರವಿಲ್ಲ. ಅಂಚೆಯವನನ್ನು ಬೈಯಲೋ ನಿನ್ನನ್ನು ಬೈಯಲೋ ತಿಳಿಯದೆ ಇಬ್ಬರನ್ನೂ ಬೈದುಕೊಂಡಿದ್ದೇನೆ. ಭಾವನ ಕೆಮ್ಮು ಹೇಗಿದೆ?

ನಾನು ಆರಾಮಾಗಿದ್ದೇನೆ. ಬಾಯಿ ಸ್ವಲ್ಪ ಕಹಿ, ಬಿಕ್ಕಳಿಕೆ ಹಿಡಿದರೆ ಬಿಡುವುದಿಲ್ಲ, ಅಷ್ಟೇ. ಔಷಧ ಮುಗಿಯಲಿ, ಆಮೇಲೆ ನಾನೇ ಬರುತ್ತೇನೆ, ಇಲ್ಲವೇ ನೀನು ಬಾ. ಈಗ ಬೇಡ. ಭಾವನನ್ನು ಬೇರೆಯವರ ಕೈಗೆ ಒಪ್ಪಿಸಿ ನೀನು ಬಂದರೆ ನನಗೆ ತುತ್ತು ಇಳಿಯುವುದಿಲ್ಲ. ಮೊದಲೇ ಇಳಿಯದ ತುತ್ತು ಅದು.

ಪೆನ್ನು ಸರಿಯಿಲ್ಲ. ಅಕ್ಷರದ ಬಗ್ಗೆ ರೇಗಬೇಡ.

ತಮ್ಮ


ಮೇ 4

ತಮ್ಮನಿಗೆ,

ನಿನ್ನ ಮೂರೂ ಕಾಗದ ಬಂದಿವೆ. ತಡವಾಗಿ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡ. ಮನೆಯಲ್ಲಿ ಸ್ವಲ್ಪ ಕೆಲಸ ಇತ್ತು. ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಒಣಗಿಸಿ ಮಡಚಿಟ್ಟೆ.

ನಿನ್ನ ಭಾವನ ಕೆಮ್ಮು ನಿಂತಿದೆ. ಈಗ ಅವರಿಂದ ತೊಂದರೆ ಏನೂ ಇಲ್ಲ. ನೀನು ಅವರ ಯೋಚನೆ ಮಾಡಬೇಡ, ನಿನ್ನ ಔಷಧದ ಕಡೆ ಗಮನ ಕೊಡು. ಔಷಧ ನಡೆಯುವಾಗ ಮನಸ್ಸು ಗಟ್ಟಿಯಾಗಿರಬೇಕು, ಬೇರೆ ಯಾವುದನ್ನೂ ಹಚ್ಚಿಕೊಳ್ಳಬಾರದು.

ಸರಿಯಾಗಿ ಊಟ ಮಾಡು. ಪೂರ್ತಿ ಮುಗಿಸು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು.

ಅಕ್ಕ


ಮೇ 25

ಅಕ್ಕನಿಗೆ,

ಹೋದ ಸಲದ ನಿನ್ನ ಕಾಗದ ಯಾರೋ ಹೆಡ್‌ಮೇಷ್ಟ್ರು ಬರೆದ ಹಾಗಿತ್ತು. ಒಂದು ಬೈಗುಳ ಕೂಡ ಇಲ್ಲ. ದಣಿದಿದ್ದೀಯ ಎಂದು ಕಾಣುತ್ತದೆ. ಮಲಗಿದವರ ಸೇವೆ ಮಾಡುವವರಿಗೆ ಯಾರೂ ಕೀಮೋ ಕೊಡುವುದಿಲ್ಲ, ಕುರ್ಚಿಯಲ್ಲಿ ಒರಗಿಸಿ ಕಂಬಳಿ ಹೊದಿಸುವುದಿಲ್ಲ. ನಿನ್ನ ಬಗ್ಗೆ ನನಗೆ ಕೆಡುಕೆನಿಸುತ್ತದೆ.

ಸ್ಕ್ಯಾನ್ ಮಾಡಿದರು. ಪರವಾಗಿಲ್ಲ. ಔಷಧವನ್ನು ಸ್ವಲ್ಪ ಬದಲಾಯಿಸುತ್ತಾರಂತೆ.

ಆಫೀಸಿಗೆ ರಜೆ ಹಾಕಿದ್ದೇನೆ. ಕೈ ಸುಮ್ಮನಿರಲಾರದೆ ಮನೆಯಲ್ಲೇ ಭಾವನಿಗಾಗಿ ಒಂದು ಮಿಶ್ರಣ ಮಾಡಿದ್ದೇನೆ. ಕಂಪನಿಯದಲ್ಲ, ನನ್ನದೇ. ನಾಲ್ಕು ಬಗೆಯ ಎಲೆ ತರಿಸಿ, ಊಟದ ಮೇಜಿನ ಮೇಲೆ ಹರಡಿ, ನನ್ನ ಕೈಯಾರೆ ಬೆರೆಸಿದ್ದು. ಕಾಗದದ ಮೇಲಿನ ಲೆಕ್ಕಕ್ಕಂತೂ ಇದರಲ್ಲಿ ತಪ್ಪಿಲ್ಲ. ಮುದುಕರ ಬಾಯಿ ಮುಚ್ಚಿಸುವ ಟೀ ಇದು. ಇದರಲ್ಲೂ ಅವರು ಹುಳುಕು ಹುಡುಕಿದರೆ ನಾನು ಈ ಕಸುಬನ್ನೇ ಬಿಡುತ್ತೇನೆ. ಅವರು ಅಂದದ್ದನ್ನು ಅಂದ ಹಾಗೇ ಬರೆ, ನನ್ನ ಮನಸ್ಸು ನೋಯುತ್ತದೆಂದು ತಿದ್ದಬೇಡ. ಅದಕ್ಕಾಗಿ ಕಾಯುತ್ತಿರುತ್ತೇನೆ.

ತಮ್ಮ


ಜೂನ್ 6

ತಮ್ಮನಿಗೆ,

ನಿನ್ನ ಟೀ ತಲುಪಿತು. ನಿನ್ನ ಭಾವ ಎರಡು ಲೋಟ ಕುಡಿದರು. ತುಂಬ ಚೆನ್ನಾಗಿದೆ ಎಂದರು. ಇಷ್ಟು ದಿನ ನೀನು ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯದಂತೆ, ಒಂದು ತಪ್ಪೂ ಇಲ್ಲವಂತೆ. ನೀನು ಗೆದ್ದೆ ಎಂದು ಬರೆಯಲು ಹೇಳಿದರು.

ನೀನು ಹೇಗಿದ್ದೀಯ? ನಿಜವಾಗಿ ಹೇಗಿದ್ದೀಯ? ನಿನ್ನ ಕೈಬೆರಳು ಹೇಗಿವೆ? ಬಾಯಿಗೆ ರುಚಿ ಹತ್ತುತ್ತದೆಯೇ? ಸುಮ್ಮನೆ ಕೇಳಿದೆ.

ಅಕ್ಕ


ಜೂನ್ 13

ಅಕ್ಕ,

ಭಾವ ಯಾವಾಗ ಹೋದರು?

ನನ್ನ ಊಹೆ ತಪ್ಪಾಗಿದ್ದರೆ ಈ ಕಾಗದವನ್ನು ಅವರಿಗೇ ಓದಿ ಹೇಳು, ನನ್ನನ್ನು ಬೈಯಲು ಇನ್ನೊಂದು ವರ್ಷಕ್ಕೆ ಆಗುವಷ್ಟು ವಸ್ತು ಸಿಗುತ್ತದೆ. ತಪ್ಪಾಗಿಲ್ಲ ಎಂದು ನನಗೆ ಗೊತ್ತು. ನಿನ್ನ ಮದುವೆಯಾದಾಗಿನಿಂದ ಆ ಮನುಷ್ಯ ನಾನು ಕಳಿಸಿದ ಟೀಯನ್ನು ಒಮ್ಮೆಯೂ ಚೆನ್ನಾಗಿದೆ ಎಂದವರಲ್ಲ. ನಮ್ಮ ಕಂಪನಿಗೆ ಬಹುಮಾನ ತಂದುಕೊಟ್ಟ ಟೀಯನ್ನು ಪಾತ್ರೆ ತೊಳೆದ ನೀರು ಅಂದವರು. ನೀನು ಸುಳ್ಳು ಹೇಳುವುದಾದರೆ ಅವರ ಬಾಯಲ್ಲಿ ಒಂದು ಬೈಗುಳ ಇಡಬೇಕಿತ್ತು. ಮೆಚ್ಚುಗೆ ಇಟ್ಟೆ. ಓದಿದ ಕೂಡಲೇ ನಿನ್ನ ಹಳೆಯ ಕಾಗದ ತೆಗೆದೆ. ಕೆಮ್ಮು ನಿಂತಿದೆ, ತೊಂದರೆ ಏನೂ ಇಲ್ಲ, ಹಾಸಿಗೆ ಬಟ್ಟೆ ಮಡಚಿಟ್ಟೆ. ಇವಳಿಗೆ ತೋರಿಸಿದೆ. ಓದಿ ನನ್ನ ತಲೆ ಮೇಲೆ ಕೈಯಿಟ್ಟಳು.

ನೀನೊಬ್ಬಳೇ ಅದನ್ನೆಲ್ಲ ಹೇಗೆ ಮಾಡಿದೆ ಅಕ್ಕ? ನನಗೆ ತುಂಬ ದುಃಖವಾಗಿದೆ, ಸಿಟ್ಟೂ ಬಂದಿದೆ. ಆದರೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ, ಯಾಕೆಂದರೆ ನಾನೂ ನಿನಗೆ ಸುಳ್ಳು ಹೇಳುತ್ತಲೇ ಬಂದಿದ್ದೇನೆ.

ಕೊಯ್ಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು, ಕೊಯ್ದು ಪ್ರಯೋಜನವಿಲ್ಲ ಎಂಬ ಕಾರಣಕ್ಕೆ. ಮೊದಲ ದಿನವೇ ಅದು ಲಿವರಿಗೆ ಹೋಗಿತ್ತು. "ಇದನ್ನ ವಾಸಿ ಮಾಡೋಕೆ ನಮ್ಮ ಕೈಲಿ ಆಗಲ್ಲ. ಸ್ವಲ್ಪ ಕಾಲ ಹಿಡಿದಿಡಬಹುದು, ಊಟ ಇಳಿಯೋ ಹಾಗೆ ಮಾಡಬಹುದು," ಎಂದು ಅವನು ಬಾಯಿಬಿಟ್ಟು ಹೇಳಿದ್ದ. ನಾನು ನಿನಗೆ ಅದರಲ್ಲಿ ಅರ್ಧ ಬರೆದೆ. ನೀನು ಸಂತೋಷಪಟ್ಟು ಉತ್ತರ ಬರೆದೆ. ಆ ಸಂತೋಷವನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ಔಷಧ ಮಾತು ಉಳಿಸಿಕೊಂಡಿತು, ಅದನ್ನು ಬೈಯುವುದಿಲ್ಲ. ಊಟ ಇಳಿಯಿತು. ಆದರೆ ನಾಲಿಗೆ ಹೋಯಿತು. ಮಾರ್ಚ್ ಕೊನೆಗೆ ಬಾಯಲ್ಲಿ ತುಕ್ಕು ಕಬ್ಬಿಣದ ರುಚಿ ಬಿಟ್ಟರೆ ಬೇರೇನೂ ಇರಲಿಲ್ಲ. ಟೀ, ಬಿಸಿನೀರು, ಸಾರು ಎಲ್ಲವೂ ಒಂದೇ. ಮೂಗೂ ಸತ್ತಿತು. ಮೇಜಿನೆದುರು ನಿಂತು ಸುರ್ ಎಂದು ಎಳೆದು, ಪಕ್ಕದವನ ಮುಖ ನೋಡಿ, ಅವನು ತಲೆಯಾಡಿಸಿದರೆ ನಾನೂ ಆಡಿಸುತ್ತಿದ್ದೆ. ನಾಚಿಕೆಯಾಗಿ ರಜೆ ಹಾಕಿದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ರುಚಿ ಇದ್ದಾಗ ನುಂಗಲಾಗಲಿಲ್ಲ, ನುಂಗಲು ಬಂದಾಗ ರುಚಿಯಿಲ್ಲ. ಭಾವನಿಗೆ ಕಳಿಸಿದ ಆ ಟೀ ಹೇಗಿತ್ತೆಂದು ದೇವರಾಣೆಗೂ ನನಗೆ ಗೊತ್ತಿಲ್ಲ. ಹಳೆಯ ಲೆಕ್ಕದ ಮೇಲೆ ಬೆರೆಸಿ ಕಳಿಸಿದೆ.

ಮೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲ ಬೆಳೆದಿತ್ತು. ಈಗ ಕೊಡುತ್ತಿರುವುದು ಬೇರೆ ಔಷಧ. ಇದರಲ್ಲಿ ಅಂಥ ಭರವಸೆ ಇಲ್ಲ, ಬೇಡವೆಂದರೂ ಸರಿಯೇ ಎಂದು ಡಾಕ್ಟರು ಹೇಳಿದ. ಇವಳೂ ಸಾಕು ಎಂದಳು. ನಾನು ಒಪ್ಪಲಿಲ್ಲ. ಪೂರ್ತಿ ಮುಗಿಸು ಎಂದು ಅಕ್ಕ ಬರೆದಿದ್ದಾಳೆ, ಅರ್ಧಕ್ಕೆ ಬಿಟ್ಟೆ ಎಂದು ಅವಳಿಗೆ ಹೇಗೆ ಬರೆಯಲಿ ಎಂದು ಹಾಕಿಸಿಕೊಂಡೆ. ಅಕ್ಕ, ಇದಕ್ಕೆ ಮುಗಿಯುವುದೆಂಬುದು ಇಲ್ಲ. ನಾನು ತಡೆಯುವವರೆಗೆ ಹಾಕುತ್ತಾರೆ, ಅಷ್ಟೇ. ಮುಂದಿನ ಸೋಮವಾರ ಮತ್ತೆ ಇದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ವಾಂತಿ ಬರುತ್ತದೆ.

ನೀನು ಬಾ. ಭಾವನ ನೆಪ ಇನ್ನು ಇಬ್ಬರಿಗೂ ಇಲ್ಲ.

ತಮ್ಮ


ಜೂನ್ 17

ತಮ್ಮಾ,

ನಿಲ್ಲಿಸು. ಸೋಮವಾರ ಹೋಗಬೇಡ. ಅಕ್ಕ ಹೇಳುತ್ತಿದ್ದೇನೆ, ಸಾಕು. ಈ ಕಾಗದವನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಭಾನುವಾರದ ಒಳಗೆ ಸಿಗಲಿ ಎಂದು.

ಅವರು ಹೋದದ್ದು ಏಪ್ರಿಲ್ ಹತ್ತರಂದು. ಕೆಮ್ಮು ಎದೆಗೆ ಇಳಿಯಿತು. ಎಲ್ಲ ಮುಗಿಸಿ ಬಂದು ಕೂತಾಗ ನಿನಗೆ ಬರೆಯಬೇಕೆಂದು ಕಾಗದ ತೆಗೆದೆ. ಆ ಹೊತ್ತಿಗೆ ನಿನ್ನ ಕಾಗದ ಬಂತು. ಕಹಿ, ಬಿಕ್ಕಳಿಕೆ, ಆರಾಮಾಗಿದ್ದೇನೆ ಎಂದು. ಕಾಯಿಲೆಯವನಿಗೆ ಸಾವಿನ ಸುದ್ದಿ ಹೇಳಬಾರದು, ಔಷಧ ಕೆಲಸ ಮಾಡುತ್ತಿದೆ, ಈಗ ಮನಸ್ಸು ಕುಗ್ಗಿದರೆ ಎಲ್ಲ ಹಾಳಾಗುತ್ತದೆ ಎಂದುಕೊಂಡೆ. ಮಾರನೆಯ ದಿನವೇ ಗಾಡಿ ಹತ್ತಬಹುದಿತ್ತು. ಆದರೆ ನಾನೊಬ್ಬಳೇ ನಿನ್ನ ಬಾಗಿಲಲ್ಲಿ ನಿಂತರೆ, ಬಾಯಿ ಬಿಡದೆಯೇ ಎಲ್ಲ ಹೇಳಿದ ಹಾಗಲ್ಲವೇ? ಅದಕ್ಕೇ ಬರಲಿಲ್ಲ. ಖಾಲಿ ಮಂಚ ನೋಡಿಕೊಂಡು ಎರಡು ತಿಂಗಳು ಈ ಮನೆಯಲ್ಲಿ ಸುಮ್ಮನೆ ಕೂತೆ. ಆ ಎರಡು ತಿಂಗಳು ನಿನ್ನ ಪಕ್ಕ ಕೂರಬಹುದಿತ್ತು. ಇದನ್ನು ನೆನೆದರೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಕೊಯ್ಯುವುದಿಲ್ಲ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ತಿಳಿದವರನ್ನು ಕೇಳಲು ಹೋಗಲಿಲ್ಲ. ಪೂರ್ತಿ ಮುಗಿಸು ಎಂದು ಪ್ರತಿ ಸಲ ಬರೆದೆ, ಆ ಮಾತಿನಿಂದ ನಿನಗೆ ಧೈರ್ಯ ಬರುತ್ತದೆಂದುಕೊಂಡು. ನೀನು ನನಗೋಸ್ಕರ ಚುಚ್ಚಿಸಿಕೊಳ್ಳುತ್ತಿದ್ದೆ. ಇಂಥ ಅಕ್ಕ ಯಾರಿಗೂ ಬೇಡ.

ಟೀ ವಿಷಯ ಕೇಳಿದೆಯಲ್ಲ, ಹೇಳುತ್ತೇನೆ. ಡಬ್ಬದ ಮುಚ್ಚಳ ತೆಗೆದ ಕೂಡಲೇ ನೋವಿನ ಮುಲಾಮಿನ ವಾಸನೆ ಮೂಗಿಗೆ ಹೊಡೆಯಿತು. ಕುದಿಸಿದರೆ ಮನೆಯೆಲ್ಲ ಮುಲಾಮು. ಬೆರಳು ಜೋಮು ಹಿಡಿದಿದೆ, ನಿನ್ನ ಹೆಂಡತಿ ತಿಕ್ಕಿದ್ದಾಳೆ, ಆ ಕೈಯಲ್ಲೇ ಎಲೆ ಬೆರೆಸಿದ್ದೀಯ ಎಂದು ಗೊತ್ತಾಯಿತು. ಟೀ ಇರುವ ಕೋಣೆಗೆ ಸೋಪು ಹಚ್ಚಿಕೊಂಡು ಬಂದರೆ ಜಗಳ ತೆಗೆಯುತ್ತಿದ್ದವನು ನೀನು. ನಿನ್ನ ಮೂಗಿಗೇ ಇದು ತಿಳಿಯದೆ ಹೋದರೆ ನೀನು ಬರೆಯುವುದಕ್ಕಿಂತ ಎಷ್ಟು ಕೆಟ್ಟಿರಬೇಕು ಎಂದು ಹೆದರಿದೆ. ಚೆಲ್ಲಲು ಮನಸ್ಸಾಗಲಿಲ್ಲ. ಎರಡು ಲೋಟವನ್ನೂ ನಾನೇ ಕುಡಿದೆ. ಆ ಗಾಬರಿಯಲ್ಲಿ ನಿನ್ನನ್ನು ಹೊಗಳಿದರೆ ಸಾಕೆಂದು ಬರೆದುಬಿಟ್ಟೆ, ಅವರು ಹೇಗೆ ಮಾತಾಡುತ್ತಿದ್ದರು ಎಂಬುದೇ ಮರೆತುಹೋಯಿತು.

ಮನೆಗೆ ಬೀಗ ಹಾಕಿ ಬುಧವಾರ ಹೊರಡುತ್ತೇನೆ. ಏನು ಬೇಕಾದರೂ ಕೇಳು, ಹೇಳುತ್ತೇನೆ. ಅವರ ಕೊನೆಯ ದಿನದ ವಿಷಯ ಮಾತ್ರ ಕೇಳಬೇಡ.

ಅಕ್ಕ


ಜುಲೈ 8
ನಿನ್ನ ಮನೆ, ನಿನ್ನ ಮಂಚದ ಪಕ್ಕದ ಕುರ್ಚಿ

ತಮ್ಮಾ,

ಕೈಗೆಟುಕುವ ದೂರದಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ನಾನು ಪಿಸುಗುಟ್ಟಿದರೆ ಬೀದಿಗೆ ಕೇಳುತ್ತದೆ ಎಂದು ನಿನ್ನ ಹೆಂಡತಿ ಮೊನ್ನೆ ಹೇಳಿದಳು. ಇದನ್ನು ಅವಳು ಅಡುಗೆಮನೆಯಿಂದ ಕೇಳಿಸಿಕೊಳ್ಳುವುದು ಬೇಡ. ಬೇಕೆಂದರೆ ಆಮೇಲೆ ನೀನೇ ಓದಲು ಕೊಡು.

ಈ ಮನೆಯಲ್ಲಿ ನಿನ್ನ ಮಾತು ಅರ್ಥವಾಗುವುದು ನನಗೊಬ್ಬಳಿಗೇ ಎಂದು ಬಂದ ದಿನದಿಂದ ಜಂಬ ಪಡುತ್ತಿದ್ದೇನೆ. ಎಲ್ಲರೂ ಬಗ್ಗಿ ಕಿವಿಯಿಡುತ್ತಾರೆ, ನಾನು ದೂರದಿಂದ ತುಟಿ ನೋಡಿ ಉತ್ತರ ಕೊಡುತ್ತೇನೆ. ಆದರೆ ಬೆಳಗ್ಗೆ ನರ್ಸು ಹೋದ ಮೇಲೆ ನೀನು ಕೇಳಿದ್ದಕ್ಕೆ ಅರ್ಥವಾಗದವಳ ಹಾಗೆ ದಿಂಬು ಸರಿಮಾಡುತ್ತ ನಿಂತೆ. ನೀನು ಎರಡು ಸಲ ಕೇಳಿದೆ. "ಭಾವ ಹೋಗಿದ್ದು ಹೇಗೆ? ಹೇಳು. ಯಾರೂ ಹೇಳ್ತಿಲ್ಲ." ಎರಡು ಸಲವೂ ನನಗೆ ಅರ್ಥವಾಗಿತ್ತು.

ಡಾಕ್ಟರನ್ನು ಕೇಳಿದರೆ ನೋವು ಬರದ ಹಾಗೆ ನೋಡಿಕೊಳ್ಳುತ್ತೇವೆ ಎನ್ನುತ್ತಾನೆ. ನಿನ್ನ ಹೆಂಡತಿಯನ್ನು ಕೇಳಿದರೆ ಅಳುತ್ತಾಳೆ. ನಿನಗೆ ಬೇಕಾಗಿರುವುದು ಅದಲ್ಲ. ಅದು ಹೇಗಿರುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಿದವರು ಹೇಳಬೇಕು. ನಾನು ನೋಡಿದ್ದೇನೆ. ನಿನ್ನಿಂದ ಮುಚ್ಚಿಡಬೇಕೆಂದು ಎರಡು ತಿಂಗಳು ಒದ್ದಾಡಿದ್ದು ಇದನ್ನೇ.

ಮೊದಲು ಊಟ ಬೇಡವೆಂದರು. ನಾನು ಬಲವಂತ ಮಾಡಿದೆ, ಮಾಡಬಾರದಿತ್ತು. ಅವರಿಗೆ ಹಸಿವಿರಲಿಲ್ಲ. ಆಮೇಲೆ ನಿದ್ದೆ. ಎಬ್ಬಿಸಿದರೆ ಏಳುತ್ತಿದ್ದರು, ನನ್ನನ್ನು ಗುರುತಿಸುತ್ತಿದ್ದರು, ಮತ್ತೆ ನಿದ್ದೆ. ಒಂದು ಸಂಜೆ ಯಾರೊಂದಿಗೋ ಮಾತಾಡಿದರು. ಬಸ್ಸಿನಲ್ಲಿದ್ದರು ಎಂದು ಕಾಣುತ್ತದೆ, ಮುಂದೆ ಹೋಗಿ ಮುಂದೆ ಹೋಗಿ ಎನ್ನುತ್ತಿದ್ದರು. ಹೆದರಿರಲಿಲ್ಲ. ಹೆದರಿದ್ದು ನಾನು. ಕೈಕಾಲು ತಣ್ಣಗಾದವು. ಎದೆ ಏರಿಳಿಯುವುದು ನಿಂತೇಹೋಯಿತು ಎಂದುಕೊಂಡಾಗ ದೊಡ್ಡದೊಂದು ಉಸಿರು ಬಂತು. ಹಾಗೇ ನಿಂತು ನಿಂತು ಬರುತ್ತಿತ್ತು. ಅದು ಹಾಗೇ ಇರುತ್ತದೆ, ಅವರಿಗೆ ಅದರಿಂದ ಕಷ್ಟವಿರಲಿಲ್ಲ ಎಂದು ಆಮೇಲೆ ಇಲ್ಲಿಯ ನರ್ಸು ಬರೆದು ತೋರಿಸಿದಳು. ಆಗ ನನಗೆ ಯಾರೂ ಹೇಳಿರಲಿಲ್ಲ. ಪ್ರತಿ ಸಲ ಕೂಗಿಕೊಂಡೆ. ನಿನಗೆ ಈಗಲೇ ಹೇಳುತ್ತಿದ್ದೇನೆ, ನಿನ್ನ ಹೆಂಡತಿಗೂ ಹೇಳುತ್ತೇನೆ, ನಾವು ಯಾರೂ ಕೂಗಿಕೊಳ್ಳುವುದಿಲ್ಲ. ಮುಖದಲ್ಲಿ ನೋವಿರಲಿಲ್ಲ ತಮ್ಮಾ. ಇದ್ದಿದ್ದರೆ ಇದೆ ಎಂದೇ ಬರೆಯುತ್ತಿದ್ದೆ. ಇನ್ನು ನಾವಿಬ್ಬರೂ ಅಂಥ ಸುಳ್ಳು ಹೇಳುವುದಿಲ್ಲವಲ್ಲ.

ಔಷಧ ಬಿಟ್ಟ ಮೇಲೆ ನಿನ್ನ ನಾಲಿಗೆ ಮರಳಿದೆ. ನಿನ್ನೆ ಹತ್ತಿಯಲ್ಲಿ ಅದ್ದಿ ತುಟಿಗೆ ಟೀ ಹಚ್ಚಿದಾಗ ನೀನು ಮುಖ ಸಿಂಡರಿಸಿ, ಎಲೆ ಜಾಸ್ತಿ ಹೊತ್ತು ನೆನೆದಿದೆ ಎಂದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಹೊರಗೆ ಹೋಗಿ ನಿಂತುಬಿಟ್ಟೆ.

ಕೊನೆಯದನ್ನೂ ಹೇಳಿಬಿಡುತ್ತೇನೆ. ಯಾರಿಗೂ ಹೇಳಿಲ್ಲ. ಹಗಲು ಹೊತ್ತು, ಬಿಸಿಲಿತ್ತು. ನಾನು ಅವರ ಕೈ ಹಿಡಿದು ಕೂತಿದ್ದೆ. ಹಣೆ ಬೆವರಿತ್ತು. ಒದ್ದೆ ಬಟ್ಟೆ ಹಿಂಡಿ ತರೋಣವೆಂದು ಕೈ ಬಿಟ್ಟು ಬಚ್ಚಲಿಗೆ ಹೋದೆ. ಕಿವಿ ಕೇಳುವವಳಾಗಿದ್ದರೆ ಉಸಿರಿನ ಸದ್ದು ನಿಂತದ್ದು ಅಲ್ಲಿಗೂ ತಿಳಿಯುತ್ತಿತ್ತು. ಬಟ್ಟೆ ತೆಗೆದುಕೊಂಡು ಬರುವಷ್ಟರಲ್ಲಿ ಅವರು ಇರಲಿಲ್ಲ. ಆ ಬಟ್ಟೆಯಿಂದಲೇ ಮುಖ ಒರೆಸಿದೆ.

ನೀನು ಕೇಳಿದ್ದಕ್ಕೆ ಇಷ್ಟೇ ಉತ್ತರ. ಈಗ ನಿನ್ನ ಎಡಗೈ ನನ್ನ ಎಡಗೈಯಲ್ಲಿದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಬಟ್ಟೆ ಹಿಂಡಿಕೊಡಲು ನಿನ್ನ ಹೆಂಡತಿ ಇದ್ದಾಳೆ. ಈ ಸಲ ನಾನು ಏಳುವುದಿಲ್ಲ.

ಅಕ್ಕ